ಎಣ್ಣೆಗೆ ಹೊರಟ ಪಾಚಿ

ಕಚ್ಚಾ ತೈಲದ ಬೆಲೆ ಏರಿ ಅಮೆರಿಕ ಕಂಗಾಲಾಗಿದ್ದ ದಿನಗಳು. ನೀರಲ್ಲಿ ಬೆಳೆಯುವ ಜೀವಿಗಳಿಂದ ಇಂಧನ ತೆಗೆಯಬಹುದೇ ಎಂದು ನೋಡಲು ಅಲ್ಲಿನ ಸರ್ಕಾರ 1978ರಲ್ಲಿ ‘ಅಕ್ವಾಟಿಕ್ ಸ್ಪೀಷೀಸ್ ಪ್ರೋಗ್ರಾಂ’ ಶುರುಮಾಡಿತು. ವಿಜ್ಞಾನಿಗಳು ಸುಮಾರು 3000 ಬಗೆಯ ಸೂಕ್ಷ್ಮಪಾಚಿಗಳನ್ನು ಕಲೆಹಾಕಿ, ಅವುಗಳಲ್ಲಿ 300ರಷ್ಟನ್ನು ಆರಿಸಿಕೊಂಡರು. ನ್ಯೂ ಮೆಕ್ಸಿಕೋದ ರೋಸ್‌ವೆಲ್‌ನಲ್ಲಿ ತಲಾ 1000 ಚದರ ಮೀಟರಿನ ಬಯಲು ಕೊಳಗಳನ್ನು ಕಟ್ಟಿದರು.

ಇಂಥ ಕೊಳ ಸಾಮಾನ್ಯವಾಗಿ ಅಡಿಗಿಂತ ಹೆಚ್ಚು ಆಳವಿರುವುದಿಲ್ಲ; ಆಳವಾದರೆ ತಳದ ಪಾಚಿಗೆ ಬಿಸಿಲು ಸಿಗದು. ಹಲಗೆಗಳ ಚಕ್ರವೊಂದು ನೀರನ್ನು ಸದಾ ತಳ್ಳುತ್ತಿರಬೇಕು. ಒಂದು ಕಿಲೋ ಒಣ ಪಾಚಿ ಬೆಳೆಯಲು ಹೆಚ್ಚುಕಡಿಮೆ ಎರಡು ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ಸಾರಜನಕ ಕೊಡದೆ ಉಪವಾಸ ಕೆಡವಿದರೆ ಪಾಚಿ ತನ್ನೊಳಗೆ ಎಣ್ಣೆ ಕೂಡಿಸಿಕೊಳ್ಳುತ್ತದೆ, ಆದರೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ರೋಸ್‌ವೆಲ್‌ನ ತಣ್ಣನೆಯ ರಾತ್ರಿಗಳೂ ಇಳುವರಿಯನ್ನು ತಗ್ಗಿಸಿದವು. ಖರ್ಚು ಗಿಟ್ಟದೆ 1996ರಲ್ಲಿ ಯೋಜನೆ ಮುಚ್ಚಿತು.

ನಿಜವಾದ ಕಷ್ಟ ಇರುವುದು ಕೊಯ್ಲಿನಲ್ಲಿ. ಬಯಲು ಕೊಳದ ಒಂದು ಲೀಟರ್ ನೀರಿನಲ್ಲಿ ಇರುವ ಪಾಚಿ ಅರ್ಧ ಗ್ರಾಂ ಆಸುಪಾಸು. ಕಿಲೋ ಪುಡಿಗೆ ಎರಡು ಸಾವಿರ ಲೀಟರ್ ನೀರು ಸೋಸಬೇಕು! ಕ್ಲೋರೆಲ್ಲಾದಂಥ ಪಾಚಿಯ ಕಣ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಬೇರ್ಪಡಿಸಬೇಕು. ಆ ಕರೆಂಟಿನ ಬಿಲ್ಲೇ ಎಣ್ಣೆಯ ಲಾಭವನ್ನು ನುಂಗುತ್ತದೆ.

ಸ್ಪಿರುಲಿನಾ ಎಂಬ ಪಾಚಿ ಈ ವಿಷಯದಲ್ಲಿ ಉಪಕಾರಿ. ಸುರುಳಿಸುರುಳಿ ಎಳೆಗಳಾಗಿ ಬೆಳೆಯುವ ಅದನ್ನು ಬಟ್ಟೆಯಲ್ಲೇ ಸೋಸಬಹುದು. ತೀರಾ ಕ್ಷಾರದ ನೀರನ್ನು ಅದು ಸಹಿಸುವುದರಿಂದ ಬೇರೆ ಪಾಚಿಗಳ ಕಾಟವೂ ಕಡಿಮೆ. ಒಣ ತೂಕದ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಲ್ಲೇ ಜರ್ಮನಿಯ ಸಹಯೋಗದಲ್ಲಿ ಪಾಚಿ ಬೆಳೆಸಿ, ಅದನ್ನು ಆಹಾರವಾಗಿಸುವ ಕೆಲಸ ಮಾಡಿತು. ಪಶ್ಚಿಮ ಆಸ್ಟ್ರೇಲಿಯಾದ ಹಟ್ ಲಗೂನ್ ಎಂಬ ಗುಲಾಬಿ ಸರೋವರದಲ್ಲಿ ಡುನಾಲಿಯೆಲ್ಲಾ ಪಾಚಿಯಿಂದ ಬೀಟಾ ಕ್ಯಾರೋಟಿನ್ ಎಂಬ ಬಣ್ಣ ತೆಗೆಯುತ್ತಾರೆ. ಅಲ್ಲಿ ಬಿಸಿಲು, ಉಪ್ಪು ಎರಡೂ ಪುಕ್ಕಟೆ.

ಹಾಗೆಂದು ಇಂಧನದ ಆಸೆ ಬತ್ತಿಲ್ಲ. 2012ರಲ್ಲಿ ಗುಜರಾತಿನ ಭಾವನಗರದ ಕೇಂದ್ರೀಯ ಸಂಶೋಧನಾ ಸಂಸ್ಥೆ ಪಾಚಿಯ ಬಯೋಡೀಸೆಲ್‌ನಿಂದ ಕಾರು ಓಡಿಸಿ ತೋರಿಸಿತು.

ಶೇಂಗಾ ಗಾಣ ನಡೆಯುವುದು ಎಣ್ಣೆಯ ಜೊತೆ ಹಿಂಡಿಯೂ ಮಾರಾಟವಾಗುವುದರಿಂದ. ಪಾಚಿಗೂ ಇದೇ ಲೆಕ್ಕ. ಪಾಚಿಯ ಬಣ್ಣ, ಸ್ಪಿರುಲಿನಾ ಕ್ಯಾಪ್ಸೂಲುಗಳಿಗೆ ಬೆಲೆ ಜಾಸ್ತಿ, ಮಾರುಕಟ್ಟೆ ಮಾತ್ರ ಚಿಕ್ಕದು. ದೇಶದ ಲಾರಿಗಳಿಗೆ ಸಾಕಾಗುವಷ್ಟು ಎಣ್ಣೆ ತೆಗೆದರೆ ಜೊತೆಗೆ ಬರುವ ಬಣ್ಣವನ್ನು ಕೊಳ್ಳುವವರೇ ಇರುವುದಿಲ್ಲ. ಆದ್ದರಿಂದ ಪಾಚಿ ಡೀಸೆಲ್‌ಗೆ ಹಣ ಹೂಡುವವರು ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೂ ಮೀನಿಗೂ ಹಾಕಬಹುದಾದ ಹಿಂಡಿಯನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿಯಲಿ.