ಅಪ್ಪನ ಬಿಲ್ಲು ಇರುವ ಸಾಲು

ಅಪ್ಪ ಸಣ್ಣ ಗುತ್ತಿಗೆದಾರ. ಪಾಲಿಕೆಗೆ ಚರಂಡಿ ಕಟ್ಟಿಕೊಟ್ಟು, ಬಿಲ್ ಪಾಸಾಗಿ ವರ್ಷವಾದರೂ ದುಡ್ಡು ಬಂದಿರಲಿಲ್ಲ. ನನ್ನ ಸೆಮಿಸ್ಟರ್ ಫೀಸಿಗೆ ಅಮ್ಮನ ಬಳೆ ಅಡವಿಗೆ ಹೋಯಿತು. ಅದೇ ವಾರ ಪತ್ರಿಕೆಯಲ್ಲಿ ಸುದ್ದಿ: ಪಾಲಿಕೆಯದು ಉಳಿತಾಯ ಬಜೆಟ್!

ಸಿಟ್ಟಿನಲ್ಲೇ ಪಾಲಿಕೆಯ ವಾರ್ಷಿಕ ಲೆಕ್ಕಪತ್ರ ಡೌನ್‌ಲೋಡ್ ಮಾಡಿದೆ. ಎಂಜಿನಿಯರಿಂಗ್ ಗಣಿತ ಪಾಸಾದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಮೊದಲ ಪುಟದಲ್ಲೇ ತಲೆ ತಿರುಗಿತು. ಬಿ.ಕಾಂ. ಓದುವ ಗೆಳತಿ ಬಿಡಿಸಿ ಹೇಳಿದಳು. ಬಜೆಟ್ ಬರೀ ಅಂದಾಜು. ನಿಜವಾಗಿ ನಡೆದದ್ದು ಇರುವುದು ಲೆಕ್ಕಪತ್ರದಲ್ಲಿ. 2004ರ ರಾಷ್ಟ್ರೀಯ ಪುರಸಭಾ ಲೆಕ್ಕಪತ್ರ ಕೈಪಿಡಿಯ ಪದ್ಧತಿಯಲ್ಲಿ ಆಸ್ತಿ ತೆರಿಗೆಯನ್ನು ಕೈಗೆ ಬಂದಾಗಲ್ಲ, ಬರಬೇಕಾದಾಗಲೇ ಆದಾಯವೆಂದು ಬರೆಯುತ್ತಾರೆ. ಅಂದರೆ ಯಾರೋ ಕಟ್ಟದೆ ಉಳಿಸಿಕೊಂಡ ತೆರಿಗೆಯೂ ಆದಾಯವೇ. (ನನ್ನ ಹಾಸ್ಟೆಲ್ ಗೆಳತಿಯರ ಸಾಲದ ಹಾಗೆ.)

ಬ್ಯಾಂಕಿನಲ್ಲಿ ಮಾತ್ರ ದೊಡ್ಡ ಮೊತ್ತವಿತ್ತು. ಆದರೆ ಬಹುಪಾಲು ಕುಡಿಯುವ ನೀರಿಗೆಂದೇ ಬಂದ ಸರ್ಕಾರದ ಅನುದಾನ. ಖರ್ಚಾಗುವವರೆಗೆ ಅದು ಹೊಣೆಗಳ ಪಟ್ಟಿಯಲ್ಲೇ ಇರುತ್ತದೆ, ಚರಂಡಿ ಬಿಲ್ಲಿಗೆ ಮುಟ್ಟುವಂತಿಲ್ಲ. ಅದರ ಕೆಳಗೇ ಇತ್ತು, ‘ಗುತ್ತಿಗೆದಾರರಿಗೆ ಪಾವತಿಸಬೇಕಾದ ಮೊತ್ತ’.

ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ, “ನಮ್ದೂ ಇದರಲ್ಲಿದೆಯೇನಮ್ಮ?” ಎಂದರು.

“ಇದೆಯಪ್ಪ.”

“ಸದ್ಯ, ಮರೆತಿಲ್ಲ” ಎಂದು ಬೈಕ್ ಹತ್ತಿ ಸೈಟಿಗೆ ಹೊರಟರು.