ತೃಪ್ಪೂಣಿತ್ತುರದ ಪಿಟೀಲು

ಪಿಟೀಲು ವಿದ್ವಾಂಸ ಟಿ.ಎನ್. ಕೃಷ್ಣನ್ ಹುಟ್ಟಿದ್ದು 1928ರ ಅಕ್ಟೋಬರ್ 6ರಂದು, ಕೊಚ್ಚಿ ರಾಜಮನೆತನದ ನೆಲೆಯಾಗಿದ್ದ ತೃಪ್ಪೂಣಿತ್ತುರದಲ್ಲಿ. ಹೆಸರಿನ ಮೊದಲ ಅಕ್ಷರ ಆ ಊರನ್ನೇ ಸೂಚಿಸುತ್ತದೆ. ಪೂರ್ಣತ್ರಯೀಶ ದೇವಾಲಯದ ವೃಶ್ಚಿಕೋತ್ಸವದಲ್ಲಿ ಎಂಟು ದಿನ ಕಛೇರಿ, ಕಥಕಳಿ, ಚೆಂಡೆಮೇಳ ನಡೆಯುವ ಊರು ಅದು. ತಂದೆ ಎ. ನಾರಾಯಣ ಅಯ್ಯರ್ ಅವರೇ ಮೊದಲ ಗುರು. 1939ರಲ್ಲಿ ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದಲ್ಲಿ ಹುಡುಗನ ಮೊದಲ ತನಿ ಕಛೇರಿ ನಡೆಯಿತು.

ತಿರುವನಂತಪುರಕ್ಕೂ ಪಿಟೀಲಿಗೂ ನಂಟು ಅದಕ್ಕಿಂತ ನೂರು ವರ್ಷ ಹಳೆಯದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಈ ಯುರೋಪಿನ ವಾದ್ಯವನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅದನ್ನು ತಿರುವಾಂಕೂರಿನ ಆಸ್ಥಾನದಲ್ಲಿ ಪ್ರತಿಷ್ಠಾಪಿಸಿದವರು ತಂಜಾವೂರು ಸೋದರರಲ್ಲಿ ಕಿರಿಯರಾದ ವಡಿವೇಲು. ಅವರಿಗೆ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನು ಉಡುಗೊರೆಯಾಗಿ ಕೊಟ್ಟರು. ಈ ಸೋದರರಲ್ಲಿ ಹಿರಿಯರಾದ ಚಿನ್ನಯ್ಯ ಮೈಸೂರಿನ ಆಸ್ಥಾನ ಸೇರಿದ್ದರು. ಎರಡು ಅರಮನೆಗಳ ನಡುವೆ ಸಂಗೀತಗಾರರ ಓಡಾಟ ಆಮೇಲೂ ನಿಲ್ಲಲಿಲ್ಲ. 1939ರಲ್ಲಿ ತಿರುವನಂತಪುರದಲ್ಲಿ ಸ್ವಾತಿ ತಿರುನಾಳ್ ಸಂಗೀತ ಶಾಲೆ ಆರಂಭವಾದಾಗ ಮೊದಲ ಪ್ರಾಂಶುಪಾಲರಾದವರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ಮೈಸೂರು ಆಸ್ಥಾನ ವಿದ್ವಾಂಸರಾಗಿ ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ರಚಿಸಿದ್ದ ಅವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅವರ ನಂತರ ಆ ಹುದ್ದೆಗೆ ಬಂದ ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಮುಂದೆ ಕೃಷ್ಣನ್ ಅವರಿಗೂ ಮಾರ್ಗದರ್ಶಕರಾದರು. ಕೃಷ್ಣನ್ ವಾದನದಲ್ಲಿ ಹಾಡುಗಾರಿಕೆಯೇ ಎದ್ದು ಕೇಳುವುದಕ್ಕೆ ಗಾಯಕರ ಈ ಒಡನಾಟ ದೊಡ್ಡ ಕಾರಣ.

1942ರಲ್ಲಿ ಕೃಷ್ಣನ್ ಮದರಾಸಿಗೆ ಹೋದರು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರು, ಆಲತ್ತೂರು ಸೋದರರಂಥ ಹಿರಿಯರಿಗೆ ಪಕ್ಕವಾದ್ಯ ನುಡಿಸಿದರು. ಪಕ್ಕವಾದ್ಯದ ಕೆಲಸ ಹೊರಗಿನಿಂದ ಕಾಣುವುದಕ್ಕಿಂತ ಬಹಳ ಕಠಿಣ. ಪಾಶ್ಚಾತ್ಯ ತಂತಿವಾದ್ಯಗಳ ಚತುಷ್ಟಯದಲ್ಲಿ ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೊ ಇರುತ್ತವೆ. ಪ್ರತಿಯೊಬ್ಬರ ಮುಂದೆಯೂ ಬರೆದಿಟ್ಟ ಸ್ವರಲಿಪಿ ಇರುತ್ತದೆ. ನಮ್ಮ ಕಛೇರಿಯಲ್ಲಿ ಪಿಟೀಲುಗಾರರ ಮುಂದೆ ಏನೂ ಇರುವುದಿಲ್ಲ. ಗಾಯಕರು ಮುಂದೆ ಯಾವ ಸಂಚಾರ ಹಿಡಿಯುತ್ತಾರೆಂಬುದು ಅವರಿಗೆ ಮೊದಲೇ ಗೊತ್ತಿರುವುದಿಲ್ಲ. ಆದರೂ ಆಲಾಪನೆಯನ್ನು ನೆರಳಿನಂತೆ ಹಿಂಬಾಲಿಸಬೇಕು, ತಮ್ಮ ಸರದಿ ಬಂದಾಗ ಚಿಕ್ಕದಾಗಿ, ಆದರೆ ಪೂರ್ಣವಾಗಿ ರಾಗವನ್ನು ನಿಲ್ಲಿಸಬೇಕು, ಸ್ವರಕಲ್ಪನೆಗೆ ಅಲ್ಲೇ ಉತ್ತರ ಕೊಡಬೇಕು. ಕೃತಿಯ ಸಾಹಿತ್ಯ ಬಾಯಿಗೆ ಬಾರದ ಪಿಟೀಲುಗಾರರ ಕಮಾನು ಪದವನ್ನು ತಪ್ಪಾದ ಜಾಗದಲ್ಲಿ ಒಡೆಯುತ್ತದೆ. ಕೃಷ್ಣನ್ ಅವರ ತನಿ ವಾದನ ಬೆಳೆದದ್ದು ಈ ಶಿಸ್ತಿನಿಂದಲೇ. ವೇಗದ ಪ್ರದರ್ಶನಕ್ಕಿಂತ ಶ್ರುತಿಶುದ್ಧತೆ ಮತ್ತು ಉದ್ದನೆಯ ಕಮಾನಿನ ಇಂಪಿಗೆ ಅವರು ಒತ್ತು ಕೊಟ್ಟರು.

ವಾದ್ಯ ಯುರೋಪಿನದೇ ಆದರೂ ನುಡಿಸುವ ಕ್ರಮ ಇಲ್ಲಿ ಪೂರ್ತಿ ಬದಲಾಗಿದೆ. ಕಲಾವಿದರು ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಬಲಗಾಲಿನ ಮೇಲೆ ಊರುತ್ತಾರೆ. ಆಗ ಎಡಗೈಗೆ ವಾದ್ಯವನ್ನು ಹಿಡಿದಿಡುವ ಹೊಣೆ ಇರುವುದಿಲ್ಲ. ತಂತಿಯ ಮೇಲೆ ಜಾರಿ ಗಮಕ ಹೊರಡಿಸಲು ಬೆರಳುಗಳಿಗೆ ಬಿಡುವು ಸಿಗುತ್ತದೆ. ನಾಲ್ಕು ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸುತ್ತಾರೆ. ಗಂಡಸರ ಶ್ರುತಿಗೆ ತಂತಿಗಳನ್ನು ಸಡಿಲಿಸಿದಾಗ ನಾದ ವಯೋಲಾದ ಕಡೆಗೆ ಇಳಿಯುತ್ತದೆ. ಪಿಟೀಲಿಗಿಂತ ತುಸು ದೊಡ್ಡದಾದ, ಐದು ಸ್ವರ ಕೆಳಗೆ ಶ್ರುತಿಗೊಳ್ಳುವ ಆ ವಾದ್ಯವನ್ನು ಎಂ. ಬಾಲಮುರಳಿಕೃಷ್ಣ ಕರ್ನಾಟಕ ಸಂಗೀತಕ್ಕೆ ತಂದು ನುಡಿಸಿದರು. ಆದರೂ ಅದು ನಮ್ಮಲ್ಲಿ ಅಪರೂಪವಾಗಿಯೇ ಉಳಿಯಿತು. ನಾದವನ್ನು ಹಿಗ್ಗಿಸಲು ಮೈಸೂರಿನ ಟಿ. ಚೌಡಯ್ಯ ಹಿಡಿದದ್ದು ಬೇರೆ ದಾರಿ: ಏಳು ತಂತಿಯ ಪಿಟೀಲು. ಧ್ವನಿವರ್ಧಕ ಎಲ್ಲೆಡೆ ಬರುವ ಮುನ್ನ ಚೆಂಬೈ ಅವರ ಕಂಚಿನ ಕಂಠಕ್ಕೆ ಸಮನಾಗಿ ನಿಂತ ಪಕ್ಕವಾದ್ಯ ಅದು.

ಕೃಷ್ಣನ್ ಅವರ ಬದುಕಿನ ದೊಡ್ಡ ಪಾಲು ಪಾಠಕ್ಕೆ ಸಂದಿತು. ಮದರಾಸಿನ ಸಂಗೀತ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ನಂತರ ದೆಹಲಿ ವಿಶ್ವವಿದ್ಯಾಲಯದ ಸಂಗೀತ ಮತ್ತು ಲಲಿತಕಲಾ ವಿಭಾಗದ ಡೀನ್ ಆದರು. ಅವರಿಗೆ 1973ರಲ್ಲಿ ಪದ್ಮಶ್ರೀ, 1980ರಲ್ಲಿ ಮದರಾಸು ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ, 1992ರಲ್ಲಿ ಪದ್ಮಭೂಷಣ ಸಂದವು. ತಂಗಿ ಎನ್. ರಾಜಂ ಅದೇ ತಂದೆಯ ಬಳಿ ಕಲಿತು, ಓಂಕಾರನಾಥ ಠಾಕೂರರ ಶಿಷ್ಯೆಯಾಗಿ ಪಿಟೀಲಿನಲ್ಲಿ ಹಿಂದೂಸ್ತಾನಿ ಗಾಯಕಿ ಅಂಗವನ್ನು, ಅಂದರೆ ಹಾಡಿದಂತೆ ನುಡಿಸುವ ಶೈಲಿಯನ್ನು, ರೂಪಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕಲಿಸಿದರು. ಒಂದೇ ಮನೆಯ ಎರಡು ಕಮಾನುಗಳು ಎರಡು ಪದ್ಧತಿಗಳಲ್ಲಿ ಹೀಗೆ ಎತ್ತರಕ್ಕೇರಿದ್ದು ವಿರಳ. ಕೃಷ್ಣನ್ 2020ರ ನವೆಂಬರ್ 2ರಂದು ಚೆನ್ನೈನಲ್ಲಿ ನಿಧನರಾದರು. ಮಗಳು ವಿಜಿ ಮತ್ತು ಮಗ ಶ್ರೀರಾಂ ಇಬ್ಬರೂ ಪಿಟೀಲು ವಾದಕರು.