ಒಂದು ಕರಾರು, ಒಂಬತ್ತು ದಾರಿ

ನ್ಯೂಯಾರ್ಕ್ ನಗರದ ಐದು ವಿಭಾಗಗಳಲ್ಲಿ ಸ್ಟೇಟನ್ ಐಲೆಂಡ್ ಒಂದು. ಹಿಪ್ ಹಾಪ್ ಹುಟ್ಟಿದ್ದು 1970ರ ದಶಕದಲ್ಲಿ, ಬ್ರಾಂಕ್ಸ್ ವಿಭಾಗದ ಬಡ ಕರಿಯರ ಕೇರಿಗಳಲ್ಲಿ. ತಾಳಕ್ಕೆ ಸರಿಯಾಗಿ ಪ್ರಾಸ ಕಟ್ಟಿ ಮಾತನ್ನೇ ಹಾಡಾಗಿಸುವ ಈ ಕಲೆಯಲ್ಲಿ ಕಡಲಾಚೆಯ ಆ ದ್ವೀಪಕ್ಕೆ ಹೇಳಿಕೊಳ್ಳುವಂಥ ಸ್ಥಾನವೇನೂ ಇರಲಿಲ್ಲ. ಅದನ್ನು ಬದಲಿಸಿದ್ದು ವೂ-ಟ್ಯಾಂಗ್ ಕ್ಲ್ಯಾನ್ ಎಂಬ ಒಂಬತ್ತು ಯುವಕರ ತಂಡ.

ತಂಡದ ಸೂತ್ರಧಾರ ರಾಬರ್ಟ್ ಡಿಗ್ಸ್. ಕಲಾಲೋಕದಲ್ಲಿ ಈತನ ಹೆಸರು 'ರಿಜಾ'. 1991ರಲ್ಲಿ ಈತನೂ ಸೋದರಸಂಬಂಧಿ 'ಜಿಜಾ'ನೂ ಬೇರೆ ಬೇರೆ ಕಂಪೆನಿಗಳ ಮೂಲಕ ಧ್ವನಿಮುದ್ರಿಕೆ ಹೊರತಂದು ಸೋತಿದ್ದರು. ಹಾಡಿನ ರೂಪವನ್ನೂ ಮಾರಾಟದ ದಾರಿಯನ್ನೂ ಕಂಪೆನಿಯೇ ತೀರ್ಮಾನಿಸಿದರೆ ಕಲಾವಿದನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಆ ಸೋಲು ಕಲಿಸಿದ ಪಾಠ. ರಿಜಾ ಗೆಳೆಯರನ್ನು ಸೇರಿಸಿ, ಐದು ವರ್ಷ ತನ್ನ ಮಾತಿನಂತೆ ನಡೆಯಬೇಕೆಂದು ಕೇಳಿಕೊಂಡ.

1992ರ ಮೊದಲ ಹಾಡನ್ನು ಅವರೇ ಮುದ್ರಿಸಿ, ತಾವೇ ಹೊತ್ತು ಮಾರಿದರು. ಹಳೆಯ ಸೋಲ್ ಗೀತೆಗಳ ತುಣುಕು, ಹಾಂಗ್‌ಕಾಂಗ್ ಕುಂಗ್‌ಫೂ ಚಿತ್ರಗಳ ಸಂಭಾಷಣೆ ಬೆರೆತ ಒರಟು ಧ್ವನಿ ಅವರದು. ತಮ್ಮ ದ್ವೀಪಕ್ಕೇ ಅವರು 'ಶಾವೊಲಿನ್' ಎಂದು ಹೆಸರಿಟ್ಟರು. ಹಾಡು ಕಿವಿಯಿಂದ ಕಿವಿಗೆ ಹಬ್ಬಿದಾಗ ಕಂಪೆನಿಗಳೇ ಹುಡುಕಿಕೊಂಡು ಬಂದವು.

ತಂಡದೊಡನೆ ಸದಸ್ಯರ ಸ್ವಂತ ಹಾಡುಗಾರಿಕೆಯ ಹಕ್ಕನ್ನೂ ಬರೆಸಿಕೊಳ್ಳುವುದು ಕಂಪೆನಿಗಳ ವಾಡಿಕೆ. ರಿಜಾ ಇದಕ್ಕೆ ಒಪ್ಪಲಿಲ್ಲ. ಮುಂಗಡ ಕಡಿಮೆಯಾದರೂ ಚಿಂತೆಯಿಲ್ಲವೆಂದು 'ಲೌಡ್' ಕಂಪೆನಿಯೊಡನೆ ಮಾಡಿಕೊಂಡ ಕರಾರಿನಲ್ಲಿ, ಪ್ರತಿ ಸದಸ್ಯನೂ ಯಾವ ಕಂಪೆನಿಯನ್ನಾದರೂ ಸೇರುವ ಸ್ವಾತಂತ್ರ್ಯ ಉಳಿಯಿತು. 1993ರ ನವೆಂಬರ್‌ನಲ್ಲಿ ಮೊದಲ ಆಲ್ಬಂ 'ಎಂಟರ್ ದ ವೂ-ಟ್ಯಾಂಗ್' ಹೊರಬಂತು. ಅನಂತರ ಮೆಥಡ್ ಮ್ಯಾನ್ ಡೆಫ್ ಜಾಮ್‌ಗೆ, ಓಲ್ ಡರ್ಟಿ ಬಾಸ್ಟರ್ಡ್ ಎಲೆಕ್ಟ್ರಾಗೆ, ಜಿಜಾ ಗೆಫನ್‌ಗೆ ಹಾಡಿದರು. ಪೈಪೋಟಿಯ ಕಂಪೆನಿಗಳು ತಮ್ಮ ತಮ್ಮ ಕಲಾವಿದನಿಗೆ ಪ್ರಚಾರ ಕೊಟ್ಟಂತೆಲ್ಲ ಪ್ರಚಾರವಾದದ್ದು ತಂಡದ ಹೆಸರೇ. 1997ರ ಜೂನ್‌ನಲ್ಲಿ ಬಂದ ಜೋಡಿ ಆಲ್ಬಂ 'ವೂ-ಟ್ಯಾಂಗ್ ಫಾರೆವರ್' ಮೊದಲ ವಾರದಲ್ಲೇ 6 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಅಲ್ಲಿಗೆ ಐದು ವರ್ಷದ ಮಾತೂ ಮುಗಿದಿತ್ತು. ತಂಡವನ್ನು ಎಲ್ಲೆಡೆ ಹರಡಿದ ಅದೇ ಕರಾರು, ಎಲ್ಲರನ್ನೂ ಮತ್ತೆ ಒಂದೆಡೆ ಕೂಡಿಸುವುದನ್ನು ಕಷ್ಟವಾಗಿಸಿತು. ಒಬ್ಬೊಬ್ಬರಿಗೂ ಅವರವರ ಕಂಪೆನಿ, ಅವರವರ ಪ್ರವಾಸ. ಓಲ್ ಡರ್ಟಿ ಬಾಸ್ಟರ್ಡ್ 2004ರ ನವೆಂಬರ್‌ನಲ್ಲಿ, 36 ತುಂಬಲು ಎರಡು ದಿನವಿರುವಾಗ ಸ್ಟುಡಿಯೋದಲ್ಲೇ ತೀರಿಕೊಂಡ. ಒಂಬತ್ತೂ ಮಂದಿ ಕೂಡಿ ಹಾಡುವ ಕಾಲ ಅಲ್ಲಿಗೆ ಮುಗಿಯಿತು.

ತಾವೇ ಮಾರಿಕೊಂಡು ಆರಂಭಿಸಿದವರ ಮೊದಲ ಆಲ್ಬಂ 2022ರಲ್ಲಿ, ರಾಷ್ಟ್ರವು ಕಾಪಾಡಬೇಕಾದ ಧ್ವನಿಮುದ್ರಣಗಳ ಸಾಲಿಗೆ ಸೇರಿತು. ಸೇರಿಸಿದ್ದು ಅಮೆರಿಕ ಸಂಸತ್ತಿನ ಗ್ರಂಥಾಲಯ.